ಟೈಲ್ಸ್ ಅಂಟಿಸುವ ಮೊದಲು ಪೈಪಿನ ಅಳತೆ ನೋಡಿಕೊಳ್ಳಿ

ಉಡುಪಿಯ ನಮ್ಮ ಮನೆಯಲ್ಲಿ ಮಹಡಿಯ ಬಚ್ಚಲನ್ನು ಹೊಸದಾಗಿ ಮಾಡಿಸುವಾಗ, ಟೈಲ್ಸ್ ಆರಿಸಲು ಕುಂದಾಪುರದವರೆಗೂ ಅಲೆದ ನಾನು ಗೋಡೆಯೊಳಗೆ ಹೋಗುವ ಪೈಪಿನ ಅಳತೆಯನ್ನು ಮಾತ್ರ ಕೆಲಸದವರಿಗೇ ಬಿಟ್ಟಿದ್ದೆ. ಕೆಲಸ ಮುಗಿದ ದಿನ ಎಂಟು ಇಂಚಿನ ರೈನ್ ಶವರ್ ತಿರುಗಿಸಿದರೆ, ಮಳೆ ನಿಂತ ಮೇಲೆ ಹಂಚಿನ ಅಂಚಿನಿಂದ ನೀರು ಇಳಿಯುವಂತೆ ಇಳಿಯಿತು. ಇಪ್ಪತ್ತು ಲೀಟರಿನ ಬಕೆಟ್ ತುಂಬಲು ಮೂರೂವರೆ ನಿಮಿಷ ಬೇಕಾಯಿತು. ಕೆಳಗೆ ಅಡುಗೆಮನೆಯ ನಳ್ಳಿ ತೆರೆದರೆ ಅದೂ ಇಲ್ಲ.

ಟಾಂಕಿಯಿಂದ ಶವರಿನವರೆಗೆ ಅರ್ಧ ಇಂಚಿನ ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್) ಪೈಪನ್ನೇ ಹಾಕಲಾಗಿತ್ತು. ಕೇಳಿದ್ದಕ್ಕೆ ಪ್ಲಂಬರ್, "ನಳ್ಳಿಯ ಬಾಯಿಯೇ ಅರ್ಧ ಇಂಚು ಮಾರಾಯ್ರೇ, ಪೈಪು ದೊಡ್ಡದು ಹಾಕಿ ಏನು ಪ್ರಯೋಜನ? ಸಣ್ಣ ಪೈಪಿನಲ್ಲಿ ಫೋರ್ಸು ಜಾಸ್ತಿ" ಎಂದರು. ತೋಟಕ್ಕೆ ನೀರು ಬಿಡುವಾಗ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೀರು ದೂರ ಹಾರಿಸಿದವರಿಗೆಲ್ಲ ಈ ಮಾತು ಸರಿಯೆಂದೇ ತೋರುತ್ತದೆ, ನನಗೂ ತೋರಿತು. ಆದರೆ ಹೆಬ್ಬೆರಳು ಕಿರಿದಾಗಿಸುವುದು ತುದಿಯನ್ನಷ್ಟೇ, ಹಿಂದಿನ ದಾರಿಯೆಲ್ಲ ಅಗಲವಾಗಿದ್ದುದರಿಂದ ಒತ್ತಡ ಅಲ್ಲಿಯವರೆಗೆ ಉಳಿದು ಬಂದಿರುತ್ತದೆ. ಇಡೀ ದಾರಿಯೇ ಕಿರಿದಾಗಿದ್ದರೆ, ನೀರು ಪೈಪಿನ ಒಳಮೈಗೆ ತಿಕ್ಕಿಕೊಂಡೇ ಬರಬೇಕಾಗಿ, ಶವರ್ ತಲುಪುವ ಮೊದಲೇ ಒತ್ತಡವೆಲ್ಲ ಸವೆದಿರುತ್ತದೆ.

ಪಂಪಿಲ್ಲದ ಮನೆಯಲ್ಲಿ ಒತ್ತಡ ಬರುವುದು ಟಾಂಕಿಯ ಎತ್ತರದಿಂದ ಮಾತ್ರ. ಒತ್ತಡವನ್ನು ಅಳೆಯುವ ಮಾನ ಬಾರ್; ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಕರಾವಳಿಯ ಎಷ್ಟೋ ಮನೆಗಳಂತೆ ನಮ್ಮ ತಾರಸಿಯ ಮೇಲೂ ಮಳೆಗೆಂದು ತಗಡಿನ ಮಾಡು ಇದ್ದು, ಟಾಂಕಿ ಅದರಡಿಯಲ್ಲೇ ಕುಳಿತಿರುವುದರಿಂದ ನೀರಿನ ಮಟ್ಟ ಶವರಿಗಿಂತ ಎರಡೇ ಮೀಟರ್ ಮೇಲಿದೆ. ನಮ್ಮ ಬಂಡವಾಳವೆಲ್ಲ ಆ ಎರಡು ಮೀಟರ್. ಎಸ್‌ಡಿಆರ್ 11 ದರ್ಜೆಯ (ಇದು ಪೈಪಿನ ಗೋಡೆಯ ದಪ್ಪವನ್ನು ಸೂಚಿಸುವ ಸಂಖ್ಯೆ) ಅರ್ಧ ಇಂಚಿನ ಸಿಪಿವಿಸಿ ಪೈಪಿನ ಒಳವ್ಯಾಸ ಸುಮಾರು 12.4 ಮಿ.ಮೀ., ಮುಕ್ಕಾಲು ಇಂಚಿನದು ಸುಮಾರು 18 ಮಿ.ಮೀ. ಕಣ್ಣಿಗೆ ಇದು ದೊಡ್ಡ ವ್ಯತ್ಯಾಸವಲ್ಲ, ಆದರೆ ನಿಮಿಷಕ್ಕೆ 10 ಲೀಟರು ಹರಿಯಬೇಕೆಂದರೆ ಮೊದಲನೆಯದು ಪ್ರತಿ ಮೀಟರ್ ಉದ್ದಕ್ಕೂ ಸುಮಾರು 19 ಸೆಂ.ಮೀ. ಎತ್ತರದಷ್ಟು ಒತ್ತಡವನ್ನು ನುಂಗುತ್ತದೆ, ಎರಡನೆಯದು ಸುಮಾರು 3 ಸೆಂ.ಮೀ. ಮಾತ್ರ. ನಮ್ಮ ಲೈನಿನ ಉದ್ದ 12 ಮೀಟರ್; ಪೈಪು ತಿರುಗುವಲ್ಲಿ ಹಾಕುವ ಎಲ್ಬೋಗಳ ಲೆಕ್ಕ ಬೇರೆ. ಇದ್ದ ಬಂಡವಾಳಕ್ಕಿಂತ ದಾರಿಖರ್ಚೇ ಹೆಚ್ಚು.

ಈ ಲೆಕ್ಕ ತಿಳಿಯುವ ಮೊದಲು ನಾನು ಇನ್ನೊಂದು ತಪ್ಪನ್ನೂ ಮಾಡಿದೆ. ಪ್ಲಂಬರ್ ಸಲಹೆಯಂತೆ ಪ್ರೆಷರ್ ಪಂಪ್ ತಂದು ತಣ್ಣೀರಿನ ಲೈನಿಗೆ ಮಾತ್ರ ಕೂರಿಸಿದೆವು. ಬಿಸಿನೀರು ತಣ್ಣೀರು ಬೆರೆಸುವ ಶವರಿನ ಮಿಕ್ಸರಿನೊಳಗೆ ತಣ್ಣೀರು ಬಿಸಿನೀರನ್ನು ಬರಗೊಡದೆ ಹಿಂದಕ್ಕೆ ತಳ್ಳಿದ್ದರಿಂದ, ಗೀಸರ್ ಇದ್ದೂ ಮನೆಮಂದಿಯೆಲ್ಲ ಆಟಿ ತಿಂಗಳ (ತುಳುನಾಡಿನ ಮಳೆಗಾಲದ ತಿಂಗಳು) ಮಳೆಯಲ್ಲಿ ತಣ್ಣೀರಿನ ಸ್ನಾನ ಮಾಡಬೇಕಾಯಿತು. ಆ ಪಂಪ್ ಈಗ ಅಟ್ಟದಲ್ಲಿದೆ.

ಕೊನೆಗೆ ಗೋಡೆ ಒಡೆಸಿದೆ. ಟಾಂಕಿಯಿಂದ ಮೊದಲ ಕವಲಿನವರೆಗೆ ಒಂದು ಇಂಚು, ಅಲ್ಲಿಂದ ಮಿಕ್ಸರಿನವರೆಗೆ ಬಿಸಿನೀರಿಗೂ ತಣ್ಣೀರಿಗೂ ಮುಕ್ಕಾಲು ಇಂಚು, ನಳ್ಳಿ ಕೂರುವ ಕೊನೆಯ ಹಿತ್ತಾಳೆಯ ಎಲ್ಬೋದಲ್ಲಷ್ಟೇ ಅರ್ಧ ಇಂಚು. ಶವರ್ ಹಳೆಯದೇ, ಟಾಂಕಿಯೂ ಇದ್ದಲ್ಲೇ ಇದೆ, ಬಕೆಟ್ ಮಾತ್ರ ಈಗ ಎರಡು ನಿಮಿಷಕ್ಕೆ ತುಂಬುತ್ತದೆ. ಹೊಸದಾಗಿ ಹಾಕಿಸುವಾಗಲೇ ಈ ಪೈಪುಗಳನ್ನು ಹಾಕಿಸಿದ್ದರೆ ಸ್ವಲ್ಪವೇ ಜಾಸ್ತಿ ಆಗುತ್ತಿತ್ತು. ಒಡೆಸಿ ಮಾಡಿಸಿದ್ದಕ್ಕೆ ಹೋದದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಪೈಪಿನ ಮೈಮೇಲೆ ಅಳತೆ ಅಚ್ಚಾಗಿರುತ್ತದೆ. ಮೇಸ್ತ್ರಿ ಗಾರೆ ಮೆತ್ತುವ ಮೊದಲು ನೀವೇ ಹೋಗಿ ಅದನ್ನು ಓದಿ, ಶವರಿನ ಜಾಗದಲ್ಲಿರುವ ತೆರೆದ ತುದಿಯಿಂದ ಬಕೆಟಿಗೆ ನೀರು ಬಿಡಿಸಿ ಗಡಿಯಾರ ನೋಡಿ. ಅದೇ ಟೈಲ್ಸ್ ಮತ್ತೆ ಸಿಗದ ಕಾರಣ, ನಮ್ಮ ಬಚ್ಚಲಿನ ಒಂದು ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬೇರೆ ಬಣ್ಣದ ಪಟ್ಟಿಯೊಂದು ಹಾಗೆಯೇ ಇದೆ.