ಹೊಸ ಕೋಚ್‌ಗೆ ಎರಡು ತಿಂಗಳು: ಹಣ ಹಾಕಿದವನ ವಿಮರ್ಶೆ

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಈ ಜೂನ್‌ನಲ್ಲಿ ಹೊಸ ಕೋಚ್ ಬಂದಿದ್ದಾರೆ. ಅವರ ಸಂಬಳದಲ್ಲಿ ಅರ್ಧ ಕಾಲೇಜು ಕೊಡುತ್ತದೆ. ಇನ್ನರ್ಧ ಹಳೇ ಆಟಗಾರರಾದ ನಾವು 11 ಜನ ಸೇರಿ ಹಾಕುತ್ತೇವೆ. ತಂಡದ ಹಾಗೆ 11 ಇರಲಿ ಅಂತ ಮಾಡಿದ್ದಲ್ಲ. 30 ಜನರನ್ನು ಕೇಳಿದ್ದು, ಹೂಂ ಅಂದವರು ಅಷ್ಟೇ. ತಿಂಗಳಿಗೆ ತಲಾ 800 ರೂಪಾಯಿ. ಮಿಕ್ಸಿ ತಗೊಂಡರೆ ವಿಮರ್ಶೆ ಬರೆಯುತ್ತೇವೆ, ಹೋಟೆಲಿಗೆ ಹೋದರೆ ಸ್ಟಾರ್ ಕೊಡುತ್ತೇವೆ. ಇದಕ್ಕೂ ಬರೆಯಬಹುದು ಅಲ್ವಾ? ಕಾಲೇಜಿನ ಹೆಸರು, ಕೋಚ್ ಹೆಸರು ಬೇಡ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ.

ನನಗೆ ಮಂಗಳೂರಿನ ಹಂಪನಕಟ್ಟೆ ಹತ್ತಿರ ಝೆರಾಕ್ಸ್ ಅಂಗಡಿ ಉಂಟು. ವಾರಕ್ಕೆ ಮೂರು ದಿನ ಸಂಜೆ ನಾಲ್ಕೂವರೆಗೆ ನೆಹರೂ ಮೈದಾನದಲ್ಲಿ ಪ್ರಾಕ್ಟೀಸ್. ಅಂಗಡಿ ಹೆಂಡತಿಗೆ ಬಿಟ್ಟು ನಾನು ಕೊಡೆ ಹಿಡಿದು ಹೋಗುತ್ತೇನೆ. ಒಂದು ಕಾಲಕ್ಕೆ ಇದೇ ಕಾಲೇಜಿಗೆ ಲೆಫ್ಟ್ ಬ್ಯಾಕ್, ಅಂದರೆ ಹಿಂದೆ ಎಡಬದಿ ಕಾಯುವವನಾಗಿ ಆಡಿದವನು. ಗೋಲಿಗೆ (ಗೋಲ್‌ಕೀಪರ್‌ಗೆ) ಕಾಲಲ್ಲಿ ಬಾಲ್ ಹಿಂದೆ ಕೊಟ್ಟರೆ ಅವನು ಕೈಯಲ್ಲಿ ಹಿಡಿಯಬಹುದಾಗಿದ್ದ ಕಾಲ ಅದು. 1992ರಲ್ಲಿ ಆ ನಿಯಮ ಬದಲಾಯಿತು, ನನ್ನ ಆಟವೂ ಅರ್ಧ ಮುಗಿಯಿತು. ಯಾಕೆಂದರೆ ನನಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ.

ಕೋಚ್ ಬಂದ ಮೊದಲ ದಿನ ಬೊಬ್ಬೆ ಹಾಕಲಿಲ್ಲ, ಭಾಷಣವೂ ಮಾಡಲಿಲ್ಲ. ಬಲೆ ಚೀಲದಲ್ಲಿದ್ದ ಒಂಬತ್ತು ಬಾಲ್ ಹೊರಗೆ ಹಾಕಿ, ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಕಿಸೆಯಿಂದ ಗಾಳಿ ಅಳೆಯುವ ಸಣ್ಣ ಗೇಜ್ ತೆಗೆದರು. ಕಾರಿನ ಟಯರಿಗೆ ಇಡುತ್ತಾರಲ್ಲ, ಅದರ ತಮ್ಮನ ಹಾಗಿತ್ತು. ಬಾಲಿನ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್ ಇರಬೇಕು ಅನ್ನುತ್ತದೆ ನಿಯಮ. ಗೇಜಿನ ಲೆಕ್ಕದಲ್ಲಿ ಎಂಟೂವರೆಯಿಂದ ಹದಿನೈದೂವರೆ ಪಿಎಸ್‌ಐ. ನಮ್ಮ ಬಾಲ್‌ಗಳಲ್ಲಿ ಆರು ಹದಿನಾರು ದಾಟಿದ್ದವು. ಎರಡು ಐದಕ್ಕಿಂತ ಕಡಿಮೆ. ಒಂದಕ್ಕೆ ಸೂಜಿಯೇ ಹೋಗಲಿಲ್ಲ. ಅವರು ಅಲ್ಲೇ ಒದ್ದೆ ಮೆಟ್ಟಿಲ ಮೇಲೆ ಕೂತು, ಸೂಜಿ ಹಾಕಿ, ಫುಸ್ ಅಂತ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟರು. ಮತ್ತೆ ಒತ್ತಿದರು, ಮತ್ತೆ ಬಿಟ್ಟರು. ಹುಡುಗರು ಸುತ್ತ ನಿಂತು ನಗುತ್ತಿದ್ದರು. ಕೋಚಿಂಗ್ ಅಂದರೆ ಪಂಕ್ಚರ್ ಅಂಗಡಿಯಾ ಅಂತ ಒಬ್ಬ ತುಳುವಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಕೋಚ್‌ಗೆ ತುಳು ಬರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಪಾಪ, ಆ ದಿನ ಅವನು ಮೈದಾನಕ್ಕೆ ಎಂಟು ಸುತ್ತು ಓಡಿದ.

ಎರಡು ವರ್ಷದಿಂದ ನಮ್ಮ ಸೆಂಟರ್ ಬ್ಯಾಕ್ (ಗೋಲಿನ ಮುಂದೆ ನಡುವಿನಲ್ಲಿ ತಡೆಯುವ) ಹುಡುಗ ಮಂಡೆಯಲ್ಲಿ ಬಾಲ್ ಹೊಡೆಯುವಾಗ ಕಣ್ಣು ಮುಚ್ಚುತ್ತಿದ್ದ. ಹೆದರಿಕೆ ಅಂತ ನಾವು ತಮಾಷೆ ಮಾಡುತ್ತಿದ್ದೆವು. ಹೆದರಿಕೆಯೂ ಅಲ್ಲ, ಎಂತದೂ ಅಲ್ಲ. ಬಾಲ್ ಕಲ್ಲಿನ ಹಾಗಿತ್ತು, ಅಷ್ಟೇ. ಈಗ ಕಣ್ಣು ಬಿಟ್ಟುಕೊಂಡೇ ಹಾರುತ್ತಾನೆ. ಕಾರ್ನರ್ ಬಂದರೆ ಹತ್ತರಲ್ಲಿ ಆರೇಳು ಅವನ ಮಂಡೆಗೇ. ನನ್ನ ಮೊದಲ ತಿಂಗಳ 800 ಅಲ್ಲಿಗೇ ವಸೂಲಾಯಿತು.

ಇನ್ನು ಮಳೆ. ಹೊರಗಿನವರು ಇದನ್ನು ಓದುತ್ತಿದ್ದರೆ ಗೊತ್ತಿರಲಿ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವುದೇ ಮೂರು ಸಾವಿರ ಮಿಲಿಮೀಟರಿನ ಆಚೀಚೆ. ಫುಟ್‌ಬಾಲ್ ಆಡುವುದೂ ಆಗಲೇ. ಸ್ವಾತಂತ್ರ್ಯ ದಿನದ ಸುತ್ತಮುತ್ತ ಟೂರ್ನಮೆಂಟ್‌ಗಳು. ಕೆಂಪು ಮಣ್ಣು, ನಡುನಡುವೆ ಹುಲ್ಲು, ಅಲ್ಲಲ್ಲಿ ಕೆರೆ. ಬೇಸಗೆಯಲ್ಲಿ ಮೊಣಕಾಲು ತರಚುವ ನೆಲ ಈಗ ಮೊಣಕಾಲಿನವರೆಗೆ ಕೆಸರು ಹತ್ತಿಸುತ್ತದೆ.

ಈ ಕೋಚ್ ಪ್ರಾಕ್ಟೀಸಿಗೆ ಅರ್ಧ ಗಂಟೆ ಮೊದಲೇ ಬಂದು ಮೈದಾನ ಸುತ್ತುತ್ತಾರೆ, ಕೈಯಲ್ಲಿ ಹಿಡಿಸೂಡಿ (ಪೊರಕೆ) ಕಡ್ಡಿಗಳ ಕಟ್ಟು ಹಿಡಿದು. ನೀರು ನಿಂತಲ್ಲೆಲ್ಲ ಒಂದು ಕಡ್ಡಿ ಚುಚ್ಚಿ, ತೆಗೆದು, ಒದ್ದೆಯಾದ ಜಾಗಕ್ಕೆ ಉಗುರು ಇಟ್ಟು ನೋಡುತ್ತಾರೆ. ಉಗುರಿನಷ್ಟು ನೀರಿದ್ದರೆ ಬಾಲ್ ಜಾರುತ್ತದೆ. ಬೆರಳಿನ ಒಂದು ಗೆಣ್ಣಿನಷ್ಟಿದ್ದರೆ ಅಲ್ಲೇ ನಿಲ್ಲುತ್ತದೆ. ಈ ಎರಡು ಮಾತು ತಂಡದ ಎಲ್ಲರಿಗೂ ಬಾಯಿಪಾಠ. ಗೆಣ್ಣು ಮುಳುಗುವ ಕಡೆ ಕಡ್ಡಿ ನೆಟ್ಟು, ಅಲ್ಲಿಗೆ ನೆಲದಲ್ಲಿ ಪಾಸ್ ಕೊಟ್ಟವನಿಗೆ ಒಂದು ಸುತ್ತು ಓಟ. ಎರಡು ವಾರದಲ್ಲಿ ಹುಡುಗರಿಗೆ ಮೈದಾನ ಅಂಗೈ ಗೆರೆಯ ಹಾಗೆ ಗೊತ್ತಾಯಿತು. 2019ರಿಂದ ಟಾಸ್ ಗೆದ್ದವರು ಬದಿ ಬೇಕೋ ಕಿಕ್‌ಆಫ್ ಬೇಕೋ ಅಂತ ಆರಿಸಬಹುದು. ನಮ್ಮ ಕ್ಯಾಪ್ಟನ್‌ಗೆ ಅಪ್ಪಣೆಯಾಗಿದೆ: ಯಾವಾಗಲೂ ಬದಿಯೇ ಕೇಳು, ನಮಗೆ ಸುಸ್ತಾಗುವ ಸೆಕೆಂಡ್ ಹಾಫ್‌ನಲ್ಲಿ ಕೆರೆ ನಮ್ಮ ಗೋಲಿನ ಮುಂದೆ ಇರಲಿ. ಎದುರಿನವರು ಓಡಿ ಬಂದು ಅದರಲ್ಲಿ ಸಿಕ್ಕಿಬೀಳಲಿ. ಚಂದದ ಫುಟ್‌ಬಾಲ್ ಅಲ್ಲ, ಒಪ್ಪುತ್ತೇನೆ. ಆದರೆ ಲೆಫ್ಟ್ ಬ್ಯಾಕ್ ಆಡಿದವನಿಗೆ ಇದಕ್ಕಿಂತ ಚಂದ ಬೇರೆ ಎಂತ ಬೇಕು?

ಇಷ್ಟೆಲ್ಲ ನೀರು ಅಳೆಯುವ ಮನುಷ್ಯನೇ ಜುಲೈ ಕೊನೆಯ ಶನಿವಾರ ಮಾಡಿದ ಒಂದು ಕೆಲಸ ನನಗೆ ಇನ್ನೂ ಅರ್ಥವಾಗಿಲ್ಲ. ಇನ್ನೊಂದು ಕಾಲೇಜಿನ ಜೊತೆ ಸ್ನೇಹದ ಪಂದ್ಯ. ಗೋಲ್ ಕಿಕ್, ಅಂದರೆ ನಮ್ಮ ಗೋಲಿನ ಹತ್ತಿರದಿಂದ ಆಟ ಮತ್ತೆ ಶುರು ಮಾಡುವ ಒದೆತ, ಈಗ ಪೆನಾಲ್ಟಿ ಬಾಕ್ಸ್ ದಾಟಬೇಕೆಂದಿಲ್ಲ. ಅದೂ 2019ರ ಬದಲಾವಣೆಯೇ. ಟಿವಿಯಲ್ಲಿ ದೊಡ್ಡ ಕ್ಲಬ್‌ಗಳೆಲ್ಲ ಗೋಲಿಯ ಪಕ್ಕದಲ್ಲಿ ಇಬ್ಬರನ್ನು ನಿಲ್ಲಿಸಿ ಸಣ್ಣ ಪಾಸ್‌ನಲ್ಲಿ ಶುರು ಮಾಡುತ್ತವಲ್ಲ, ಅದನ್ನು ಇಲ್ಲೂ ಮಾಡಿಸಿದರು. ಹಿಂದಿನ ರಾತ್ರಿಯಿಡೀ ಮಳೆ ಹೊಡೆದಿತ್ತು. ಗೋಲಿ ಬಲಗಡೆಗೆ ಮೆಲ್ಲ ತಳ್ಳಿದ. ಬಾಲ್ ನಾಲ್ಕು ಮಾರು ಹೋಯಿತು, ನೀರಿಗೆ ಬಿತ್ತು, ನಿಂತಿತು. ನಮ್ಮ ರೈಟ್ ಬ್ಯಾಕ್ ಆರು ಮಾರು ದೂರದಲ್ಲಿ ಕೈ ಚಾಚಿ ಕಾಯುತ್ತಿದ್ದಾನೆ, ಬಸ್ಸಿಗೆ ಕಾದ ಹಾಗೆ. ಎದುರಿನ ತಂಡದ ಸಪೂರ ಹುಡುಗನೊಬ್ಬ ನಡೆದುಕೊಂಡೇ ಬಂದ. ಓಡಲೂ ಇಲ್ಲ ಮಾರ್ರೆ! ಕಾಲಿನ ತುದಿಯಲ್ಲಿ ಮುಟ್ಟಿದ, ಗೋಲ್. ಕೋಚ್ ಕಡೆ ನೋಡಿದೆ. ಅವರು ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದರು. ಲೇಸ್ ಬಿಚ್ಚಿರಲಿಲ್ಲ ಅಂತ ನನ್ನ ಅಂದಾಜು.

ಪಂದ್ಯ 2–1ರಲ್ಲಿ ಸೋತೆವು. ಮರುದಿನ ವಾಟ್ಸ್‌ಆ್ಯಪ್‌ನಲ್ಲಿ ಅವರದ್ದು ಧ್ವನಿ ಸಂದೇಶ: ನನ್ನದೇ ತಪ್ಪು, ಮಳೆ ಬಿಡುವವರೆಗೆ ಗೋಲ್ ಕಿಕ್ ಉದ್ದಕ್ಕೇ. ತಪ್ಪು ಒಪ್ಪಿಕೊಂಡದ್ದಕ್ಕೆ ಅರ್ಧ ಸ್ಟಾರ್ ಜಾಸ್ತಿ ಕೊಡುತ್ತೇನೆ. ಅದೇ ಸಂದೇಶ ನಾಲ್ಕು ನಿಮಿಷ ಉದ್ದ ಇದ್ದು ರಾತ್ರಿ ಹತ್ತು ಮುಕ್ಕಾಲಕ್ಕೆ ಬಂದದ್ದಕ್ಕೆ ಆ ಅರ್ಧ ಸ್ಟಾರ್ ವಾಪಸ್.

ಒಟ್ರಾಶಿ ತಂಡ ಹೇಗುಂಟು ಅಂದರೆ, ಹಿಂದೆ ಗಟ್ಟಿ, ನಡುವೆ ಪರವಾಗಿಲ್ಲ, ಮುಂದೆ ಖಾಲಿ.

ಗೋಲಿ ಕುದ್ರೋಳಿಯ ಹುಡುಗ, ಬಿಕಾಂ ಎರಡನೇ ವರ್ಷ. ಎತ್ತರ ಕಡಿಮೆ, ಕಾಲು ಚುರುಕು, ಒದ್ದೆ ಬಾಲ್ ಎದೆಗೆ ಅವುಚಿ ಹಿಡಿಯುತ್ತಾನೆ. ನಡುವಿನ ಮೂವರಲ್ಲಿ ಇಬ್ಬರು ಈ ವರ್ಷ ಸೇರಿದವರು. ಓಡುತ್ತಾರೆ, ಬಾಯಿ ಬಿಡುವುದಿಲ್ಲ. ಅವರ ಬಗ್ಗೆ ಈಗಲೇ ಹೇಳುವುದು ಬೇಡ.

ತಲೆನೋವು ಫಾರ್ವರ್ಡ್‌ಗಳದ್ದು. ಹೋದ ವರ್ಷ ಗೋಲು ಹೊಡೆಯುತ್ತಿದ್ದವನು ಡಿಗ್ರಿ ಮುಗಿಸಿ ಹೋದ. ಈಗ ಇರುವ ಇಬ್ಬರು ಉಳ್ಳಾಲದ ಹುಡುಗರು, ಕಾಲಲ್ಲಿ ಮ್ಯಾಜಿಕ್ ಉಂಟು, ಸುಳ್ಳಲ್ಲ. ಆದರೆ ಬೆಳೆದದ್ದು ಟರ್ಫ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಹುಲ್ಲಿನ ಸಣ್ಣ ಮೈದಾನದಲ್ಲಿ. ಊರಲ್ಲಿ ಈಗ ಎಲ್ಲಿ ನೋಡಿದರೂ ಟರ್ಫ್ ಅಲ್ವಾ, ಗಂಟೆಗೆ ಸಾವಿರದ ಆಚೀಚೆ ಕೊಟ್ಟು ರಾತ್ರಿ ಲೈಟ್ ಹಾಕಿ ಆಡುವುದು. ಅಲ್ಲಿ ಐದೈದು ಜನ, ಆಫ್‌ಸೈಡ್ (ಪಾಸ್ ಕೊಡುವಾಗ ಎದುರಿನ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತಿರಬಾರದು ಅನ್ನುವ ನಿಯಮ) ಇಲ್ಲ. ಗೋಲಿನ ಹತ್ತಿರ ನಿಂತು ಬಾಲ್ ಬಂದಾಗ ತಿರುಗಿಸಿದರೆ ಆಯಿತು. ಇಲ್ಲಿ ನೂರು ಮೀಟರಿನಷ್ಟು ಉದ್ದದ ಮೈದಾನ, ಪಕ್ಕದಲ್ಲಿ ಬಾವುಟ ಹಿಡಿದ ಲೈನ್ಸ್‌ಮನ್. ಅದೇ ಸ್ನೇಹದ ಪಂದ್ಯದಲ್ಲಿ ನಾನು ಎಣಿಸಿದೆ, ಇಬ್ಬರೂ ಸೇರಿ ಒಂಬತ್ತು ಸಲ ಆಫ್‌ಸೈಡ್. ಒಂದು ಸಲ ಬಾವುಟ ಎತ್ತಿದ ಮೇಲೂ ಗೋಲು ಹೊಡೆದು, ಜಾರಿಕೊಂಡು ಹೋಗಿ, ಆಕಾಶ ನೋಡಿ ಕೈ ಮುಗಿದ. ಹೇಳುವವರು ಯಾರು?

ಶೂ ಕತೆಯೂ ಅದೇ. ಟರ್ಫ್ ಶೂಗೆ ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಉಬ್ಬು ಇರುತ್ತದೆ, ಕೆಸರಿನಲ್ಲಿ ಅದು ಚಪ್ಪಲಿಗೆ ಸಮ. ಸ್ಟಡ್ (ಅಡಿಯಲ್ಲಿ ಉದ್ದ ಹಲ್ಲು) ಇರುವ ಶೂ ಇಲ್ಲದವರು ಬರಬೇಡಿ ಅಂದರು ಕೋಚ್. ಸರಿಯೇ. ಆದರೆ ಮುಂದಿನ ಪ್ರಾಕ್ಟೀಸಿಗೆ 22 ಜನರಲ್ಲಿ 13 ಜನ ಮಾತ್ರ ಬಂದರು. ಎಲ್ಲರ ಮನೆಯಲ್ಲೂ ಎರಡನೇ ಜೊತೆ ಶೂಗೆ ಹಣ ಇರುವುದಿಲ್ಲ. ಇದನ್ನು ಮೊದಲೇ ನಮ್ಮ ಹತ್ತಿರ ಹೇಳಿದ್ದರೆ ವ್ಯವಸ್ಥೆ ಮಾಡುತ್ತಿದ್ದೆವು. ನನ್ನ ದೊಡ್ಡ ದೂರು ಇದೇ. ಬಾಲಿನೊಳಗಿನ ಗಾಳಿ ಅಳೆಯುವವರು ಹುಡುಗರ ಕಿಸೆಯನ್ನೂ ಒಮ್ಮೆ ನೋಡಬೇಕಿತ್ತು. ಆಮೇಲೆ ನಾವೇ ಹಳೇ ಶೂ ಒಟ್ಟು ಮಾಡಿದೆವು. ಒಬ್ಬನಿಗೆ ಸಿಕ್ಕಿದ್ದು ಒಂದು ನಂಬರ್ ದೊಡ್ಡದು, ತುದಿಗೆ ಉದಯವಾಣಿ ತುರುಕಿಕೊಂಡು ಆಡುತ್ತಿದ್ದಾನೆ.

ತಿಂಡಿ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರಾಕ್ಟೀಸ್ ಆದ ಮೇಲೆ ಗೋಳಿಬಜೆ ಬಂದ್, ಬೇಯಿಸಿದ ಕಡಲೆ ಮತ್ತು ಬಾಳೆಹಣ್ಣು ಕಡ್ಡಾಯ. ಹುಡುಗರು ಕಡಲೆ ತಿಂದು, ಬಾಳೆಹಣ್ಣು ತಿಂದು, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ ಹೋಗಿ ಗೋಳಿಬಜೆಯನ್ನೂ ತಿನ್ನುತ್ತಾರೆ. ಒಮ್ಮೆ ನಾನೂ ಸಿಕ್ಕಿಬಿದ್ದೆ. "ಅಂಕಲ್, ಸರ್ ಹತ್ರ ಹೇಳ್ಬೇಡಿ" ಅಂದರು. ನಾನೂ ಅದನ್ನೇ ಹೇಳುವವನಿದ್ದೆ.

ಈಗ ಸೀಸನ್. ಸೀಸನ್ ಅಂದಕೂಡಲೇ ಟಿವಿಯ ಲೀಗ್ ನೆನಪು ಮಾಡಬೇಡಿ. ನಮ್ಮ ಹುಡುಗರ ಸೀಸನ್ ಅಂದರೆ ಮುಖ್ಯವಾಗಿ ಮಂಗಳೂರು ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯಾಟ, ಜೊತೆಗೆ ಸಿಕ್ಕಿದ ಒಂದೆರಡು ಟೂರ್ನಮೆಂಟ್. ಹೆಚ್ಚಾಗಿ ನಾಕೌಟ್. ಒಂದು ದಿನ ಹೊಟ್ಟೆ ಸರಿ ಇಲ್ಲದಿದ್ದರೆ ವರ್ಷವೇ ಮುಗಿಯಿತು. ಚೆನ್ನಾಗಿ ಆಡಿದ ಒಂದಿಬ್ಬರು ವಿವಿ ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯದ ಅಂತರ ವಿವಿ ಪಂದ್ಯಾಟಕ್ಕೆ ಹೋಗುತ್ತಾರೆ. ಅಲ್ಲಿ ಕೇರಳದವರು ಕಾಯುತ್ತಿರುತ್ತಾರೆ. ಇದರ ನಡುವೆ ಇಂಟರ್ನಲ್ಸ್, ಅಟೆಂಡೆನ್ಸ್. ತಿಂಗಳುಗಟ್ಟಲೆ ಕಲಿಸಿದ್ದನ್ನು ತೋರಿಸಲು ಕೋಚ್‌ಗೆ ಸಿಗುವುದು ಒಂದು ಪಂದ್ಯವೂ ಇರಬಹುದು, ನಾಲ್ಕೂ ಇರಬಹುದು.

ಇದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಒಂದು ದಿನ ಮಳೆ ಜೋರಾಗಿ ಪ್ರಾಕ್ಟೀಸ್ ನಿಂತಾಗ ಹುಡುಗರನ್ನು ಕ್ಲಾಸಿನಲ್ಲಿ ಕೂರಿಸಿ 2023ರ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಮೆಂಟ್) ಫೈನಲ್ ತೋರಿಸಿದರು. ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತಲ್ಲ, 54 ವರ್ಷ ಕಾದು ಗೆದ್ದದ್ದು. ಮೂರು ಗೋಲೂ ಫಸ್ಟ್ ಹಾಫ್‌ನಲ್ಲೇ. ಆಮೇಲೆ ಹಲ್ಲು ಕಚ್ಚಿ ಉಳಿಸಿಕೊಂಡದ್ದು. ನಮ್ಮ ಲೆಕ್ಕವೂ ಅದೇ ಅಂತೆ: ಕಾಲು ಫ್ರೆಶ್ ಇರುವಾಗ ಕಾರ್ನರ್, ಫ್ರೀಕಿಕ್‌ನಲ್ಲಿ ಒಂದು ಹೊಡೆಯುವುದು, ಉಳಿದದ್ದು ಹಿಂದಿನವರಿಗೆ ಮತ್ತು ಕೆರೆಗೆ ಬಿಡುವುದು. ಆ ಉಳ್ಳಾಲದ ಇಬ್ಬರಿಗೆ ಆಫ್‌ಸೈಡ್ ಕಲಿಸಲು ಇನ್ನೂ ಆರು ವಾರ ಬೇಕು. ಅಷ್ಟು ಟೈಮ್ ಇಲ್ಲ. ಹಾಗಾಗಿ ಕಣ್ಣು ಬಿಟ್ಟು ಹಾರುವ ಸೆಂಟರ್ ಬ್ಯಾಕ್‌ನೇ ಈ ವರ್ಷ ನಮ್ಮ ಫಾರ್ವರ್ಡ್ ಅಂದುಕೊಳ್ಳಿ.

ನನ್ನ ಅಂದಾಜು ಹೀಗೆ. ಮೊದಲ ಪಂದ್ಯ ಗೆಲ್ಲುತ್ತೇವೆ, ಒಂದು ಗೋಲಿನಲ್ಲಿ. ಎರಡನೆಯದು ಮಳೆ ಬಂದರೆ ನಮ್ಮದು, ಬಿಸಿಲಿದ್ದರೆ ಅವರದ್ದು. ಸೆಮಿಫೈನಲ್ ಮುಟ್ಟಿದರೆ ನಾನು ಇಡೀ ತಂಡಕ್ಕೆ ಗಡ್‌ಬಡ್ ಐಸ್‌ಕ್ರೀಂ ಕೊಡಿಸುತ್ತೇನೆ, ಕೋಚ್ ಎದುರಿನಲ್ಲೇ. ಗೋಲಿಗೆ ಪೆಟ್ಟಾದರೆ ಮಾತ್ರ ಕತೆ ಮುಗಿಯಿತು. ಎರಡನೇ ಗೋಲಿ ಅಂತ ಒಬ್ಬ ಇದ್ದಾನೆ, ಹೆಸರಿಗೆ. ಅವನಿಗೆ ಎರಡು ತಿಂಗಳಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಿಸಿಲ್ಲ. ಇದನ್ನು ಮೂರು ಸಲ ಹೇಳಿದ್ದೇನೆ. "ನೋಡುವಾ ಸರ್" ಅನ್ನುತ್ತಾರೆ. ನಮ್ಮ ಊರಲ್ಲಿ ನೋಡುವಾ ಅಂದರೆ ಏನರ್ಥ ಅಂತ ನಿಮಗೆ ಗೊತ್ತಲ್ಲ.

ಐದರಲ್ಲಿ ಮೂರೂವರೆ ಸ್ಟಾರ್. ಮುಂದಿನ ವರ್ಷವೂ ಇವರೇ ಇರಲಿ ಅಂತ ನಮ್ಮ 11 ಜನರ ಮೀಟಿಂಗ್‌ನಲ್ಲಿ ಕೈ ಎತ್ತಿದ್ದೇನೆ. ಇಬ್ಬರು ಎತ್ತಲಿಲ್ಲ, ಅವರು ಪ್ರಾಕ್ಟೀಸ್ ನೋಡಲು ಒಂದು ದಿನವೂ ಬಂದವರಲ್ಲ. ನೋಡಲು ಬರುವವರಿದ್ದರೆ ಸೋಮವಾರ, ಬುಧವಾರ, ಶುಕ್ರವಾರ ಬನ್ನಿ, ಕೊಡೆ ತನ್ನಿ, ಬಿಳಿ ಪ್ಯಾಂಟ್ ಬೇಡ. ನಿನ್ನೆ ಪಂಪಿನ ಸೂಜಿ ಮತ್ತೆ ಮುರಿಯಿತಂತೆ. ಎರಡು ತಂದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಚಿಲ್ಲರೆ ಜೊತೆ ಯಾರಿಗೂ ಕೊಟ್ಟುಬಿಡಬೇಡ ಅಂತ ಹೆಂಡತಿಗೆ ಹೇಳಬೇಕು.