ಭಾರತ್‌ನೆಟ್ ಫೈಬರ್: ಹಳ್ಳಿಮನೆಗೆ ತಗೊಳ್ಳಬಹುದಾ?

ಭಾರತ್‌ನೆಟ್ ಅಂದರೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಕೇಬಲ್‌ನಲ್ಲಿ ಇಂಟರ್ನೆಟ್ ತಲುಪಿಸುವ ಕೇಂದ್ರ ಸರ್ಕಾರದ ಯೋಜನೆ. ಅದರ ಕನೆಕ್ಷನ್ ಮನೆಗೂ ತಗೊಳ್ಳಬಹುದು. ಆದರೆ ಅರ್ಜಿ ಹಾಕುವ ಮೊದಲು ಕೇಬಲ್ ಯಾವ ದಾರಿಯಲ್ಲಿ ಬಂದಿದೆ, ಕಡಿದರೆ ಜೋಡಿಸಲು ಬರುವವರು ಯಾರು ಅಂತ ವಿಚಾರಿಸಿಕೊಳ್ಳಿ. ಸ್ಪೀಡಿನ ಬಗ್ಗೆ ಅಷ್ಟು ಚಿಂತೆ ಬೇಡ. ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಜಿಪಾನ್ ಪೋರ್ಟಿನಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಸಿಗುತ್ತದೆ. 32 ಮನೆ ಹಂಚಿಕೊಂಡರೂ ಆನ್‌ಲೈನ್ ಕ್ಲಾಸಿಗೆ, ವಿಡಿಯೋ ಕಾಲಿಗೆ ಧಾರಾಳ ಸಾಕು.

ದೌರ್ಬಲ್ಯ ಇರುವುದು ಹಣ ಖರ್ಚಾದ ರೀತಿಯಲ್ಲಿ. 2011ರಲ್ಲಿ ಒಪ್ಪಿಗೆಯಾದ ಈ ಯೋಜನೆಗೆ ದುಡ್ಡು ಬಂದಿದ್ದು ಟೆಲಿಕಾಂ ಕಂಪನಿಗಳ ಆದಾಯದ ಶೇ 5ರಷ್ಟು ಸೇರುವ ನಿಧಿಯಿಂದ. ಅದೇ ಈಗ ಡಿಜಿಟಲ್ ಭಾರತ್ ನಿಧಿ. ಮೊದಲ ಹಂತದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಪಂಚಾಯಿತಿಗೆ ಒಂದೇ ದಾರಿಯ ಕೇಬಲ್ ಎಳೆದರು, ನಿರ್ವಹಣೆಗೆ ಅಷ್ಟೇ ಗಮನ ಕೊಡಲಿಲ್ಲ. ಕೇಬಲ್ ಹಾಯುವ ಪೈಪು (ಡಕ್ಟ್) 165 ಸೆಂ.ಮೀ. ಆಳದಲ್ಲಿರಬೇಕೆಂಬುದು ನಿಯಮ. ಬಂಡೆ ಸಿಕ್ಕ ಕಡೆ ಅಷ್ಟು ಆಳಕ್ಕೆ ಹೋಗುವುದು ಕಷ್ಟ. ನೀರಿನ ಪೈಪಿಗೋ ರಸ್ತೆ ಅಗಲೀಕರಣಕ್ಕೋ ಬಂದ ಜೆಸಿಬಿ ಒಂದು ಕಡೆ ಕಡಿದರೆ ಅಲ್ಲಿಂದ ಮುಂದಿನ ಊರುಗಳೆಲ್ಲ ಬಂದ್.

2023ರ ಆಗಸ್ಟಿನಲ್ಲಿ 1,39,579 ಕೋಟಿ ರೂ.ಗೆ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆ ಇದನ್ನೇ ಸರಿಪಡಿಸಲು ಹೊರಟಿದೆ: ಪಂಚಾಯಿತಿಗಳನ್ನು ರಿಂಗ್ ಆಗಿ ಜೋಡಿಸುವುದು, 10 ವರ್ಷದ ನಿರ್ವಹಣೆಯನ್ನೂ ಟೆಂಡರಿಗೇ ಸೇರಿಸುವುದು. ರಿಂಗಿನಲ್ಲಿ ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಡೇಟಾ ಹರಿಯುತ್ತದೆ. ನಿಮ್ಮ ಪಂಚಾಯಿತಿ ರಿಂಗಿಗೆ ಸೇರಿದೆಯಾ ಅಂತ ಪಿಡಿಒ ಹತ್ತಿರವೋ, ಊರಲ್ಲಿ ಭಾರತ್‌ನೆಟ್ ಕನೆಕ್ಷನ್ ಕೊಡುವ ‘ಉದ್ಯಮಿ’ ಹತ್ತಿರವೋ ಕೇಳಿ. ಸೇರಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಇಲ್ಲದಿದ್ದರೆ ಮೊಬೈಲ್ ಡೇಟಾ ಪ್ಯಾಕ್ ಬಿಡಬೇಡಿ, ಅದರಲ್ಲೂ ಮಳೆಗಾಲದಲ್ಲಿ.

ಇನ್ನು ಮನೆಯೊಳಗೆ. ಕನೆಕ್ಷನ್ ಕೊಟ್ಟ ದಿನವೇ ಫೈಬರಿನ ಬೆಳಕು ಅಳೆಯುವ ಆಪ್ಟಿಕಲ್ ಪವರ್ ಮೀಟರಿನಲ್ಲಿ ಸಿಗ್ನಲ್ ಅಳೆಸಿ, ಬರೆದಿಟ್ಟುಕೊಳ್ಳಿ. ಅದು ಮೈನಸ್ 20 ಡಿಬಿಎಂ (ಸಿಗ್ನಲ್ ಬಲದ ಅಳತೆ) ಆಸುಪಾಸು ಇದ್ದರೆ ಚೆನ್ನ. ಮೈನಸ್ 27ರ ಹತ್ತಿರ ಬಂದಿದ್ದರೆ ಸಹಿ ಹಾಕಬೇಡಿ, ಜಾಯಿಂಟ್ ಮತ್ತೆ ಮಾಡಲು ಹೇಳಿ. ಹಾಗೇ ಬಿಟ್ಟರೆ ಮುಂದೆ ಲೈನ್ ಪದೇ ಪದೇ ಕಟ್ ಆಗುತ್ತದೆ. ತೆಳ್ಳನೆಯ ವೈರನ್ನು ಕಿಟಕಿಯ ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಲು ಬಿಡಬೇಡಿ, 3 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಬೇಡ. ಹಸಿರು ಕನೆಕ್ಟರಿನ ತುದಿಗೆ ಬೆರಳು ತಾಗಿದರೂ ಸಿಗ್ನಲ್ ಕುಗ್ಗುತ್ತದೆ. ಬಿಚ್ಚಿದ ವೈರಿನೊಳಗೆ ಇಣುಕಲೇಬಾರದು: ಆ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ಮನೆಯಲ್ಲಿ ಕರೆಂಟ್ ಹೋದರೂ ಫೈಬರ್ ನಡೆಯುತ್ತದೆ, ಆ ಕಡೆಯ ಉಪಕರಣಕ್ಕೂ ನಿಮ್ಮ ರೂಟರಿಗೂ ಪವರ್ ಸಿಗುತ್ತಿದ್ದರೆ ಸಾಕು. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದ್ದರೆ ಅದೇ ವೋಲ್ಟಿನ ಮಿನಿ ಯುಪಿಎಸ್ ಹಾಕಿ, ಆಂಪಿಯರ್ ಅಡಾಪ್ಟರಿಗಿಂತ ಕಡಿಮೆ ಇರಬಾರದು.

ನೆಟ್ ಹೋದಾಗ ಮೊದಲು ದೀಪ ನೋಡಿ. ರೂಟರ್ ಮೇಲೆ LOS (ಲಾಸ್) ಅಂತ ಬರೆದ ದೀಪ ಕೆಂಪಾಗಿದ್ದರೆ ಬೆಳಕು ಮನೆವರೆಗೆ ಬರುತ್ತಿಲ್ಲ; ರೂಟರ್ ನೂರು ಸಲ ರೀಸ್ಟಾರ್ಟ್ ಮಾಡಿದರೂ ಪ್ರಯೋಜನವಿಲ್ಲ, ದೂರು ಕೊಟ್ಟು ದೂರಿನ ನಂಬರ್ (ಡಾಕೆಟ್ ನಂಬರ್) ತಗೊಳ್ಳಿ. PON (ಪಾನ್) ಅಂತ ಬರೆದ ದೀಪ ಹಸಿರಾಗಿ ನಿಂತಿದ್ದೂ ನೆಟ್ ಇಲ್ಲದಿದ್ದರೆ ಬಿಲ್ಲೋ, ಲಾಗಿನ್ನೋ, ಎಕ್ಸ್‌ಚೇಂಜಿನ ಆಚೆಗಿನ ತೊಂದರೆಯೋ ಇರುತ್ತದೆ. ನಿಧಾನ ಅಂತ ದೂರು ಕೊಡುವ ಮೊದಲು ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ಪರೀಕ್ಷಿಸಿ. ದಪ್ಪ ಮಣ್ಣಿನ ಗೋಡೆಯ ಮನೆಗಳಲ್ಲಿ ವೈಫೈ ಸಿಗ್ನಲ್ಲೇ ಸೋತಿರುತ್ತದೆ.