ಅಗ್ಗದ ಕಿಂಡಲ್: ಎಲ್ಲಿ ಕೈ ಬಿಗಿಹಿಡಿದಿದ್ದಾರೆ, ಎಲ್ಲಿ ಹಿಡಿದಿಲ್ಲ

ಇ-ಪುಸ್ತಕ ಓದಲೆಂದೇ ಅಮೆಜಾನ್ ಮಾಡುವ ಕಿಂಡಲ್ ಯಂತ್ರಗಳ ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮಾದರಿಗೆ ಬೇರೆ ಹೆಸರೇ ಇಲ್ಲ. ಪೇಪರ್‌ವೈಟ್, ಸ್ಕ್ರೈಬ್ ಎಂದು ಬಿರುದು ಹೊತ್ತವುಗಳ ನಡುವೆ ಇದು ಬರೀ ‘ಕಿಂಡಲ್’. 2022ರ ಕೊನೆಗೆ ಬಂತು, 2024ರಲ್ಲಿ ಒಂಚೂರು ತಿದ್ದಿಸಿಕೊಂಡು ಮತ್ತೆ ಬಂತು. ಎರಡರ ಮೈಕಟ್ಟೂ ಒಂದೇ: 6 ಇಂಚಿನ ಪರದೆ, 158 ಗ್ರಾಂ ತೂಕ, 16 ಜಿಬಿ ಜಾಗ, ಚಾರ್ಜಿಗೆ ಯುಎಸ್‌ಬಿ-ಸಿ. 2024ರದ್ದರಲ್ಲಿ ದೀಪದ ಗರಿಷ್ಠ ಬೆಳಕು 25% ಹೆಚ್ಚು, ಪುಟ ತಿರುಗುವುದು ಸ್ವಲ್ಪ ಚುರುಕು. 2022ರದ್ದು ಕೈಯಲ್ಲಿದ್ದವರು ಅದನ್ನು ಕೊಟ್ಟು ಇದನ್ನು ತರುವಷ್ಟು ವ್ಯತ್ಯಾಸವೇನೂ ಇಲ್ಲ.

ಅಗ್ಗದ ಸಾಧನವೆಂದರೆ ಮೊದಲು ಪರದೆಯಲ್ಲೇ ಉಳಿತಾಯ ಮಾಡುವುದು ವಾಡಿಕೆ. ಇಲ್ಲಿ ಹಾಗೆ ಮಾಡಿಲ್ಲ. ಇಂಚಿಗೆ 300 ಚುಕ್ಕಿ, ಅಂದರೆ 1072 × 1448. ದುಬಾರಿ ಪೇಪರ್‌ವೈಟ್‌ನ ಸಾಂದ್ರತೆಯೂ ಇಷ್ಟೇ. ಇದಕ್ಕೆ ಹಿಂದಿನ 2019ರ ಅಗ್ಗದ ಕಿಂಡಲ್‌ನಲ್ಲಿ ಇದ್ದದ್ದು 167. ಅಷ್ಟೇ ಜಾಗದಲ್ಲಿ ಈಗ ಮೂರು ಪಟ್ಟಿಗೂ ಹೆಚ್ಚು ಚುಕ್ಕಿಗಳಿವೆ. ಇಂಗ್ಲಿಷ್ ಓದುವವರಿಗೆ ಇದು ‘ನುಣುಪಾಗಿದೆ’ ಅನ್ನಿಸಬಹುದು, ಅಷ್ಟೆ. ಕನ್ನಡ ಓದುವವರಿಗೆ ಓದಲಿಕ್ಕೆ ಆಗುವುದೋ ಇಲ್ಲವೋ ಎಂಬುದೇ ಇದರ ಮೇಲೆ ನಿಂತಿದೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು, ಅದರ ಹೊಟ್ಟೆಯೊಳಗಿನ ಖಾಲಿ ಜಾಗ ಇನ್ನೂ ಚಿಕ್ಕದು. 167ರ ಪರದೆಯಲ್ಲಿ ಅಕ್ಷರ ಸಣ್ಣದು ಮಾಡಿದರೆ ಆ ಸೀಳು ಮುಚ್ಚಿಹೋಗುತ್ತದೆ, ‘ಷ್ಟ್ರ’ದ ರಕಾರ ಬರೀ ಮಸಿಯ ಚುಕ್ಕೆಯಾಗುತ್ತದೆ. 300ರಲ್ಲಿ ಅದು ನಿಲ್ಲುತ್ತದೆ. ಆದರೂ ಸಾಲಿನ ಅಂತರವನ್ನು ಮಧ್ಯಮಕ್ಕಿಂತ ಕಡಿಮೆ ಇಡಬೇಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಗಲುತ್ತದೆ.

ಈ ಪರದೆಯ ಬಗೆಗೆ ಇ-ಇಂಕ್ ಎಂದು ಹೆಸರು, ಅದರ ಬಗ್ಗೆ ಹೊಸಬರಿಗೆ ಒಂದು ಮಾತು. ಇದರ ಒಳಗೆ ಕಪ್ಪು, ಬಿಳಿ ಬಣ್ಣದ ಕಣಗಳು ತುಂಬಿದ ಸೂಕ್ಷ್ಮ ಕೋಶಗಳಿರುತ್ತವೆ. ವಿದ್ಯುತ್ ಕೊಟ್ಟಾಗ ಕಣಗಳು ಮೇಲೆ ಕೆಳಗೆ ಸರಿಯುತ್ತವೆ. ನಿಲ್ಲಿಸಿದರೆ ಇದ್ದಲ್ಲೇ ಇರುತ್ತವೆ. ಪುಟ ತಿರುವಿದಾಗ ಹಿಂದಿನ ಪುಟದ ಛಾಯೆ ನಸುಬೂದಿಯಾಗಿ ಉಳಿಯುವುದು ಕಣಗಳು ಪೂರ್ತಿ ಸರಿಯದಿದ್ದಾಗ. ಅದು ಕೆಟ್ಟ ಪರದೆಯ ಲಕ್ಷಣವಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಪೇಜ್ ರಿಫ್ರೆಶ್’ ಒತ್ತಿಟ್ಟರೆ ಪ್ರತಿ ಪುಟಕ್ಕೂ ಪರದೆ ಒಮ್ಮೆ ಕಪ್ಪಾಗಿ ಮಿಂಚಿ ಛಾಯೆ ಅಳಿಯುತ್ತದೆ. ಆ ಮಿಂಚು ಕೆಲವರಿಗೆ ಕಿರಿಕಿರಿ. ಚಿತ್ರಗಳಿರುವ ಪುಸ್ತಕಕ್ಕೆ ಹಾಕಿಕೊಳ್ಳಿ, ಕಾದಂಬರಿಗೆ ಬೇಡ.

ಉಳಿತಾಯ ಶುರುವಾಗುವುದು ದೀಪದಿಂದ. ಇದರಲ್ಲಿ 4 ಎಲ್‌ಇಡಿ ಇವೆ, 2021ರ ಪೇಪರ್‌ವೈಟ್‌ನಲ್ಲಿ 17. ಕತ್ತಲ ಕೋಣೆಯಲ್ಲಿ ಬೆಳಕು ಕಡಿಮೆ ಇಟ್ಟು ನೋಡಿದರೆ ಪರದೆಯ ಅಂಚಿನಲ್ಲಿ ಬೆಳಕು ಹರಡುವ ರೀತಿ ಅಷ್ಟು ಸಮವಾಗಿಲ್ಲ ಅನ್ನುವುದು ಗೊತ್ತಾಗುತ್ತದೆ. ಓದಿನಲ್ಲಿ ಮುಳುಗಿದ ಮೇಲೆ ಅದು ಮರೆತುಹೋಗುತ್ತದೆ. ಮರೆಯಲಾಗದ್ದು ಬೆಳಕಿನ ಬಣ್ಣ. ಬಿಳಿಯನ್ನು ಹಳದಿಗೆ ತಿರುಗಿಸುವ ಸೌಲಭ್ಯ ಇದರಲ್ಲಿಲ್ಲ. ಸುತ್ತಲಿನ ಬೆಳಕು ನೋಡಿ ತಾನೇ ಹೊಂದಿಸಿಕೊಳ್ಳುವ ಸೆನ್ಸರ್ ಕೂಡ ಇಲ್ಲ. ರಾತ್ರಿ ಮಲಗುವ ಮುನ್ನ ಒಂದು ಗಂಟೆ ಓದುವವರಾದರೆ ಈ ಒಂದೇ ಕಾರಣಕ್ಕೆ ಮೇಲಿನ ಮಾದರಿಯನ್ನು ನೋಡಬಹುದು. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಇದೆ, ಆದರೆ ಅದು ಬೆಚ್ಚನೆಯ ಬೆಳಕಿಗೆ ಸಾಟಿಯಲ್ಲ.

ನೀರಿನಿಂದ ರಕ್ಷಣೆ ಇಲ್ಲ. ಸ್ನಾನದ ಮನೆ, ಈಜುಕೊಳ, ಮಳೆ ಎಲ್ಲದರಿಂದಲೂ ದೂರ. ಪುಟ ತಿರುಗಿಸುವ ಗುಂಡಿಗಳೂ ಇಲ್ಲ, ಎಲ್ಲವೂ ಸ್ಪರ್ಶದಿಂದಲೇ. ಪರದೆ ಚೌಕಟ್ಟಿಗಿಂತ ಸ್ವಲ್ಪ ಒಳಗೆ ಕೂತಿದೆ. ಮೂಲೆಯಲ್ಲಿ ಧೂಳು ಸೇರುತ್ತದೆ, ಮೆತ್ತನೆಯ ಬ್ರಷ್ ಸಾಕು.

ಬ್ಯಾಟರಿಯ ವಿಷಯದಲ್ಲಿ ‘6 ವಾರ’ ಎಂದು ಬರೆದಿರುವುದನ್ನು ಹಾಗೆಯೇ ನುಂಗಬಾರದು. ಆ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದಿನದು, ವೈಫೈ ಆರಿಸಿ, ಬೆಳಕಿನ ಮಟ್ಟವನ್ನು 13ಕ್ಕೆ ಇಟ್ಟಾಗ. 42 ದಿನಕ್ಕೆ ಅರ್ಧರ್ಧ ಗಂಟೆ ಅಂದರೆ ಒಟ್ಟು 21 ಗಂಟೆ. ದಿನಕ್ಕೆ 2 ಗಂಟೆ ಓದುವವರಿಗೆ ಅದು ಹತ್ತು ಹನ್ನೊಂದು ದಿನದ ಮಾತು. ಫೋನಿಗೆ ಹೋಲಿಸಿದರೆ ಈಗಲೂ ಸುಖವೇ. ಆದರೆ ಮೊದಲ ವಾರದಲ್ಲಿ ಬ್ಯಾಟರಿ ಸರ್ರನೆ ಇಳಿಯಿತೆಂದು ಗಾಬರಿಯಾಗುವವರು ತುಂಬ ಜನ. ಒಂದೇ ಸಲಕ್ಕೆ ಇನ್ನೂರು ಮುನ್ನೂರು ಪುಸ್ತಕ ತುಂಬಿದರೆ, ಹುಡುಕಾಟಕ್ಕೆ ಅನುಕೂಲವಾಗಲೆಂದು ಯಂತ್ರ ಒಂದೊಂದನ್ನೂ ಓದಿ ಸೂಚಿ ಮಾಡಿಕೊಳ್ಳುತ್ತ ಕೂರುತ್ತದೆ. ಆ ಕೆಲಸ ಮುಗಿಯುವವರೆಗೆ ಚಾರ್ಜಿಗೆ ಹಾಕಿಡಿ. ಕೆಟ್ಟ ಕಡತವೊಂದರ ಮೇಲೆ ಸೂಚಿ ಸಿಕ್ಕಿಹಾಕಿಕೊಂಡರೆ ಎಷ್ಟು ದಿನವಾದರೂ ಇಳಿತ ನಿಲ್ಲುವುದಿಲ್ಲ. ಕೊನೆಗೆ ಸೇರಿಸಿದ ಕಡತಗಳನ್ನು ಒಂದೊಂದಾಗಿ ತೆಗೆದು ನೋಡಬೇಕು.

ಇನ್ನು ಕಡತಗಳ ಮಾತು. ಈ ಯಂತ್ರವನ್ನು ಮೆಚ್ಚುವುದೂ ಬೈಯುವುದೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಜಗತ್ತಿನ ಇ-ಪುಸ್ತಕಗಳ ಸಾಮಾನ್ಯ ರೂಪ ಇಪಬ್. ಅದನ್ನು ಕೇಬಲ್ ಹಾಕಿ ಕಿಂಡಲ್‌ಗೆ ನಕಲು ಮಾಡಿದರೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಎರಡು ದಾರಿಗಳಿವೆ. ಮೊದಲನೆಯದು ‘ಸೆಂಡ್ ಟು ಕಿಂಡಲ್’: ಜಾಲತಾಣದಿಂದ 200 ಎಂಬಿವರೆಗೆ, ಮಿಂಚಂಚೆಯಿಂದಾದರೆ 50 ಎಂಬಿವರೆಗೆ ಕಳಿಸಬಹುದು, ಇಪಬ್ ಅನ್ನು ಅಮೆಜಾನ್‌ನ ಸರ್ವರ್ ಬೇಕಾದ ರೂಪಕ್ಕೆ ತಿರುಗಿಸಿ ಕಳಿಸುತ್ತದೆ. ಮಿಂಚಂಚೆ ಕಳಿಸಿಯೂ ಪುಸ್ತಕ ಬರಲಿಲ್ಲವೆಂದರೆ ನಿಮ್ಮ ವಿಳಾಸ ಒಪ್ಪಿಗೆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಖಾತೆಯ ಪರ್ಸನಲ್ ಡಾಕ್ಯುಮೆಂಟ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಸೇರಿಸಬೇಕು. ಎರಡನೆಯ ದಾರಿ ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶದಲ್ಲಿ ಕಿಂಡಲ್ ಓದಬಲ್ಲ ಎಜಡ್‌ಡಬ್ಲ್ಯು3 ರೂಪಕ್ಕೆ ತಿರುಗಿಸಿ ಕೇಬಲ್‌ನಲ್ಲಿ ಹಾಕುವುದು. ಅಂಗಡಿಯಿಂದ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್‌ನಲ್ಲಿ ದಾಟಿಸುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಿಂದ ತೆಗೆದುಹಾಕಿತು. ಕೊಂಡದ್ದು ನಮ್ಮದೇ ಎಂದು ಎದೆ ತಟ್ಟಿಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ.

ಕನ್ನಡ ಕಡತದಲ್ಲಿ ಏನಾದರೂ ಎಡವಟ್ಟಾದರೆ ‘ಕಿಂಡಲ್‌ಗೆ ಕನ್ನಡ ಬರುವುದಿಲ್ಲ’ ಎಂದು ಒಂದೇ ಏಟಿಗೆ ತೀರ್ಪು ಕೊಡುವುದುಂಟು. ನಿಜಕ್ಕೂ ಮೂರು ಬೇರೆ ಬೇರೆ ರೋಗಗಳಿವೆ, ಮದ್ದೂ ಬೇರೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಫಾಂಟ್ ಸಿಕ್ಕಿಲ್ಲ ಎಂದರ್ಥ. ಅಕ್ಷರಗಳೇನೋ ಇವೆ, ಆದರೆ ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಎಂದು ಬಿಡಿಬಿಡಿಯಾಗಿ ನಿಂತಿದ್ದರೆ ಫಾಂಟ್ ಇದ್ದರೂ ಒತ್ತುಗಳನ್ನು ಜೋಡಿಸುವ ತಂತ್ರಾಂಶದ ಕೆಲಸ ನಡೆದಿಲ್ಲ. ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ತಪ್ಪು ಯಂತ್ರದ್ದಲ್ಲವೇ ಅಲ್ಲ: ಆ ಕಡತ ಯುನಿಕೋಡ್‌ಗಿಂತ ಹಿಂದಿನ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಸಂಕೇತದಲ್ಲಿದೆ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡದೆ ಅದಕ್ಕೆ ಯಾವ ಫಾಂಟ್ ಹಾಕಿದರೂ ಪ್ರಯೋಜನವಿಲ್ಲ. ಪರಿವರ್ತನೆಯ ನಂತರ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಹೆಚ್ಚಾಗಿ ಕೈಕೊಡುವುದು ಅವೇ.

ಚೌಕಗಳ ರೋಗಕ್ಕೆ ಮದ್ದು ಸುಲಭ. ಕಿಂಡಲ್ ಅನ್ನು ಕಂಪ್ಯೂಟರಿಗೆ ಜೋಡಿಸಿದರೆ ‘ಫಾಂಟ್ಸ್’ ಎಂಬ ಫೋಲ್ಡರ್ ಕಾಣುತ್ತದೆ. ನೋಟೋ ಸೆರಿಫ್ ಕನ್ನಡದಂಥ ಯುನಿಕೋಡ್ ಫಾಂಟ್‌ನ ಟಿಟಿಎಫ್ ಅಥವಾ ಓಟಿಎಫ್ ಕಡತವನ್ನು ಅದರಲ್ಲಿ ಹಾಕಿ, ಪುಸ್ತಕ ತೆರೆದು, ‘ಎಎ’ ಮೆನುವಿನಲ್ಲಿ ಆರಿಸಿ. ಇನ್ನೂ ಖಚಿತವಾದ ವಿಧಾನ ಫಾಂಟನ್ನು ಪುಸ್ತಕದೊಳಗೇ ಕೂರಿಸುವುದು: ಕ್ಯಾಲಿಬರ್‌ನಲ್ಲಿ ಮೆಟಾಡೇಟಾದ ಭಾಷೆಯನ್ನು ಕನ್ನಡ ಎಂದು ಬದಲಿಸಿ, ಕನ್ವರ್ಟ್ ಒತ್ತಿ, ‘ಲುಕ್ ಆಂಡ್ ಫೀಲ್’ನ ಫಾಂಟ್ಸ್ ವಿಭಾಗದಲ್ಲಿ ‘ಎಂಬೆಡ್ ಫಾಂಟ್ ಫ್ಯಾಮಿಲಿ’ಗೆ ಕನ್ನಡ ಫಾಂಟ್ ಕೊಟ್ಟು ಎಜಡ್‌ಡಬ್ಲ್ಯು3 ತೆಗೆಯಿರಿ. ಕಿಂಡಲ್‌ನಲ್ಲಿ ‘ಪಬ್ಲಿಷರ್ ಫಾಂಟ್’ ಆರಿಸಿದರೆ ಅದೇ ಕಾಣುತ್ತದೆ. 2024ರ ಮಾದರಿ ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುವುದಿಲ್ಲ, ಫೋನಿನಂತೆ ಎಂಟಿಪಿ ವಿಧಾನದಲ್ಲಿ ಜೋಡಣೆಯಾಗುತ್ತದೆ. ಮ್ಯಾಕ್ ಇರುವವರು ಅದಕ್ಕೆ ಬೇರೆ ಸಣ್ಣ ತಂತ್ರಾಂಶ ಹಾಕಿಕೊಳ್ಳಬೇಕು.

ಪೆಟ್ಟಿಗೆ ಒಡೆದ ದಿನವೇ ಒಂದು ಪರೀಕ್ಷೆ ಮಾಡಿಬಿಡಿ. ರಾಷ್ಟ್ರ, ಕರ್ತೃ, ವೈಶಿಷ್ಟ್ಯ, ಜ್ಯೋತ್ಸ್ನೆ, ಸ್ತ್ರೀ ಎಂಬ ಪದಗಳಿರುವ ನಾಲ್ಕು ಸಾಲಿನ ಕಡತ ಮಾಡಿ ಎರಡೂ ದಾರಿಯಿಂದ ಕಳಿಸಿ ನೋಡಿ. ವಾಪಸು ಕೊಡುವ ಅವಧಿ ಮುಗಿದ ಮೇಲೆ ಒತ್ತಕ್ಷರಕ್ಕಾಗಿ ಜಗಳವಾಡಿ ಫಲವಿಲ್ಲ. ಕನ್ನಡ ಇ-ಪುಸ್ತಕಗಳನ್ನು ತಮ್ಮದೇ ಮೊಬೈಲ್ ಆ್ಯಪ್‌ನೊಳಗೆ ಬೀಗ ಹಾಕಿ ಮಾರುವವರಿಂದ ಕೊಂಡದ್ದಂತೂ ಈ ಯಂತ್ರಕ್ಕೆ ಬರುವುದೇ ಇಲ್ಲ.

ಕನ್ನಡದ ಹಳೆಯ ಪುಸ್ತಕಗಳು ಹೆಚ್ಚಾಗಿ ಸಿಗುವುದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ. ಇಲ್ಲಿ 6 ಇಂಚು ಸೋಲುತ್ತದೆ. ಪರದೆಯ ಅಳತೆ ಸುಮಾರು 91 × 122 ಮಿ.ಮೀ. ಎ4 ಪುಟವನ್ನು ಪೂರ್ತಿ ಕೂರಿಸಿದರೆ ಅದು ಮೂಲದ 41%ಕ್ಕೆ ಇಳಿಯುತ್ತದೆ, 12 ಪಾಯಿಂಟ್ ಅಕ್ಷರ 5ಕ್ಕೆ ಬರುತ್ತದೆ. ಭೂತಗನ್ನಡಿ ಬೇಕು. ಡೆಮಿ 1/8 ಆಕಾರದ ಪುಸ್ತಕಕ್ಕೆ ದಾರಿಯಿದೆ: ಸುತ್ತಲಿನ ಅಂಚು ಕತ್ತರಿಸಿದರೆ ಅಕ್ಷರಭಾಗದ ಅಗಲ 105ರಿಂದ 110 ಮಿ.ಮೀ. ಉಳಿಯುತ್ತದೆ, ಪರದೆಯನ್ನು ಅಡ್ಡ ತಿರುಗಿಸಿದರೆ ಅದು 122 ಮಿ.ಮೀ.ನಲ್ಲಿ ಅಸಲು ಗಾತ್ರದಲ್ಲೇ ಕೂರುತ್ತದೆ. ಪುಟವನ್ನು ಎರಡು ತುಂಡಾಗಿ ಓದಬೇಕು, ಅಷ್ಟೆ. ಅಂಚು ಕತ್ತರಿಸಲು, ಪುಟ ಸೀಳಲು ಕೆ2ಪಿಡಿಎಫ್‌ಆಪ್ಟ್ ಎಂಬ ಉಚಿತ ತಂತ್ರಾಂಶ ಸಾಕು. ಅದು ಪದಗಳನ್ನು ಚಿತ್ರವಾಗಿಯೇ ಕತ್ತರಿಸಿ ಸಾಲು ಮರುಜೋಡಿಸಬಲ್ಲದು, ಲಿಪಿ ಯಾವುದಾದರೂ ಸರಿ. ಆದರೆ ಅದು ಸಾಲು ಗುರುತಿಸುವುದು ನಡುವಿನ ಬಿಳಿ ಪಟ್ಟಿಯಿಂದ. ಒತ್ತುಗಳು ಆ ಪಟ್ಟಿಗೆ ಇಳಿದಿರುವ ಇಕ್ಕಟ್ಟಿನ ಹಳೆಯ ಅಚ್ಚಿನಲ್ಲಿ ಮರುಜೋಡಣೆ ಎಡವುತ್ತದೆ, ಬರೀ ಕತ್ತರಿಸುವುದಷ್ಟೇ ಮಾಡಿಸಿ. ಹಳದಿಯಾದ ಕಾಗದದ ಬಣ್ಣದ ಸ್ಕ್ಯಾನ್ ಈ ಪರದೆಯ 16 ಬೂದುಛಾಯೆಗಳಲ್ಲಿ ಕೊಳಕಾಗಿ ಕಾಣುತ್ತದೆ. ಮೊದಲೇ ಕಪ್ಪುಬಿಳುಪು ಮಾಡಿಕೊಂಡರೆ ಪುಟವೂ ಬೇಗ ತೆರೆಯುತ್ತದೆ. ಪಿಡಿಎಫ್‌ಗಳೇ ನಿಮ್ಮ ಮುಖ್ಯ ಓದಾಗಿದ್ದರೆ 6 ಇಂಚಿನ ಯಾವ ರೀಡರೂ ಬೇಡ.

ಕೆಡುವ ರೀತಿಯೂ ತಿಳಿದಿರಲಿ. ಇ-ಇಂಕ್ ಪದರದ ಹಿಂದೆ ತೆಳುವಾದ ಗಾಜಿದೆ. ಚೀಲದಲ್ಲಿ ಊಟದ ಡಬ್ಬಿಯ ಮೂಲೆ ಒತ್ತಿದರೂ ಅದು ಬಿರುಕು ಬಿಡಬಹುದು. ಮೇಲೆ ಸವರಿದರೆ ಬಿರುಕು ಕೈಗೆ ಸಿಗುವುದಿಲ್ಲ, ಪರದೆಯ ಒಂದು ಭಾಗದಲ್ಲಿ ಗೆರೆಗಳು ನಿಂತುಬಿಡುತ್ತವೆ. ಪರದೆ ಬದಲಿಸುವ ಖರ್ಚು ಅಗ್ಗದ ಮಾದರಿಗೆ ಸಾಮಾನ್ಯವಾಗಿ ಗಿಟ್ಟುವುದಿಲ್ಲ, ಆದ್ದರಿಂದ ಗಟ್ಟಿ ಮುಚ್ಚಳದ ಕವಚವನ್ನು ಮೊದಲ ದಿನವೇ ಹಾಕಿ. ಪರದೆ ಸುಮ್ಮನೆ ಮರಗಟ್ಟಿದ್ದರೆ ಪವರ್ ಗುಂಡಿಯನ್ನು 40 ಸೆಕೆಂಡು ಒತ್ತಿ ಹಿಡಿದರೆ ಮರುಶುರುವಾಗುತ್ತದೆ. ಅನೇಕರು ಹತ್ತಕ್ಕೇ ಕೈಬಿಟ್ಟು ಕೆಟ್ಟಿತು ಎನ್ನುತ್ತಾರೆ.

ಹೋಲಿಕೆಗೆ ಎದುರು ನಿಲ್ಲುವುದು ಕೋಬೋ ಕಂಪನಿಯ 2024ರ ಇ-ರೀಡರ್, ಕ್ಲಾರಾ ಬಿಡಬ್ಲ್ಯು. ಅದೂ 6 ಇಂಚು, 300 ಚುಕ್ಕಿ, 16 ಜಿಬಿ. ತೂಕ 174 ಗ್ರಾಂ. ಜೊತೆಗೆ ಬಣ್ಣ ಬದಲಿಸುವ ದೀಪ, ಐಪಿಎಕ್ಸ್8 ನೀರುರಕ್ಷಣೆ ಇವೆ, ಇಪಬ್ ಅನ್ನು ಕೇಬಲ್‌ನಲ್ಲಿ ಹಾಕಿದರೆ ನೇರವಾಗಿ ತೆರೆಯುತ್ತದೆ. ಕಿಂಡಲ್ ಅಂಗಡಿಯಿಂದಲೇ ಪುಸ್ತಕ ಕೊಳ್ಳುವವರಿಗೆ ಅದರಿಂದ ಉಪಯೋಗವಿಲ್ಲ, ಆ ಪುಸ್ತಕಗಳು ಅಲ್ಲಿ ತೆರೆಯುವುದಿಲ್ಲ. ಇಪಬ್ ಸಂಗ್ರಹ ಇಟ್ಟುಕೊಂಡವರಿಗೆ ಕೋಬೋ ಒಳ್ಳೆಯದು.

ಸೆಕೆಂಡ್‌ಹ್ಯಾಂಡ್ ಅಗ್ಗದ ಕಿಂಡಲ್ ನೋಡುವವರು ಮೊದಲು ಕೆಳಗಿನ ಅಂಚನ್ನು ನೋಡಿ. ಅಲ್ಲಿ ಮೈಕ್ರೋ ಯುಎಸ್‌ಬಿ ಇದ್ದರೆ ಅದು 2019ರದ್ದು ಅಥವಾ ಅದಕ್ಕೂ ಹಿಂದಿನದು. ಮಾರುವವರು ಏನೇ ಹೇಳಲಿ, ಪರದೆ 167ರದ್ದೇ.